ಸೋಮವಾರದ ಮ್ಯಾಟಿನಿ

ಥಿಯೇಟರಿನಲ್ಲಿ ಕೂತ ಕೂಡಲೇ ನಾನು ಮಾಡುವ ಮೊದಲ ಕೆಲಸ ಮುಂದಿನ ಸಾಲುಗಳ ತಲೆಗಳನ್ನು ನೋಡುವುದು. ತುರುಬು, ಜಡೆ, ಬೋಳು, ಟೋಪಿ, ಎಲ್ಲವನ್ನೂ ಒಂದು ಸುತ್ತು ಪರೀಕ್ಷಿಸಿದ ಮೇಲೆಯೇ ನನ್ನ ಬೆನ್ನು ಸೀಟಿಗೆ ಒರಗುವುದು. ಮದುವೆಯಾದ ಹೊಸದರಲ್ಲಿ ನನ್ನ ಗಂಡ, "ಯಾರನ್ನೇ ಹುಡುಕ್ತಿದೀಯ?" ಎಂದು ಕೇಳುತ್ತಿದ್ದ. ಈಗ ಅಭ್ಯಾಸವಾಗಿ, ನನ್ನ ತಪಾಸಣೆ ಮುಗಿಯುವವರೆಗೆ ಸುಮ್ಮನೆ ಕಾಯುತ್ತಾನೆ.

ಇನ್ನೊಂದು ವಿಚಿತ್ರವೂ ಉಂಟು. ಜಗತ್ತಿಗೆಲ್ಲ ನಗು ಬರುವ ಸಿನಿಮಾಗಳಲ್ಲಿ ನನಗೆ ಅಂಗೈ ಬೆವರುತ್ತದೆ. ಅದರಲ್ಲೂ ಹುಡುಗ ಹುಡುಗಿಯರ ಪ್ರೀತಿಯ ಹಾಸ್ಯ ಚಿತ್ರಗಳು. ನಾಯಕ ಸೈಕಲ್ಲಿನಲ್ಲಿ ಬಂದು ಡಿಕ್ಕಿ ಹೊಡೆಯುತ್ತಾನೆ, ನಾಯಕಿಯ ಪುಸ್ತಕಗಳು ಬೀಳುತ್ತವೆ, ಆಯುವಾಗ ಬೆರಳಿಗೆ ಬೆರಳು ತಾಗುತ್ತದೆ. ನಾಯಕಿಯ ಅಪ್ಪನಿಗೆ ದೊಡ್ಡ ಮೀಸೆ. ಅವನು ಬಂದಾಗಲೆಲ್ಲ ನಾಯಕ ಅಟ್ಟದ ಮೇಲೋ ಅಕ್ಕಿಯ ಡ್ರಮ್ಮಿನೊಳಗೋ ಅಡಗುತ್ತಾನೆ. ಕೊನೆಗೆ ಕಲ್ಯಾಣ ಮಂಟಪದಲ್ಲಿ ಎಲ್ಲರೂ ಸಾಲಾಗಿ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇಷ್ಟೇ ತಾನೆ? ಆದರೆ ಡ್ರಮ್ಮಿನೊಳಗೆ ನಾಯಕ ಸೀನುವ ಹೊತ್ತಿಗೆ ನಾನು ಸೀಟಿನ ಕೈ ಹಿಡಿದುಕೊಂಡಿರುತ್ತೇನೆ. "ಅಮ್ಮ, ಇದು ಕಾಮಿಡಿ ಕಣಮ್ಮ, ಹಾರರ್ ಅಲ್ಲ" ಎಂದು ನನ್ನ ಮಗಳು ಪಿಸುಗುಟ್ಟುತ್ತಾಳೆ. ಅವಳಿಗೆ ಹೇಗೆ ಹೇಳಲಿ? ಅಂಥದ್ದೊಂದು ಸಿನಿಮಾವನ್ನು ನಾನು ಎಂಟು ದಿನದೊಳಗೆ ಎರಡು ಸಲ ನೋಡಿದ್ದೇನೆ. ಎರಡು ಸಲವೂ ಕತೆ ಏನೆಂದು ನನಗೆ ಪೂರ್ತಿ ಗೊತ್ತಾಗಲಿಲ್ಲ.

ಆಗ ನನಗೆ ಹದಿನೇಳು. ತೊಂಬತ್ತರ ದಶಕದ ನಡುಭಾಗ. ನಾವು ಗವಿಪುರದಲ್ಲಿದ್ದೆವು: ಅಪ್ಪ, ಅಮ್ಮ, ಅಪ್ಪನ ತಾಯಿ, ನಾನು. ತಾತನ ಕಾಲದವರೆಗೂ ನಮ್ಮದು ಪೇಟೆಯ ಬಟ್ಟೆ ವ್ಯಾಪಾರ. ಅಪ್ಪ ಮಾತ್ರ ಸರ್ಕಾರಿ ಕಚೇರಿ ಸೇರಿದ್ದರು. ಅಜ್ಜಿ ಹಣೆತುಂಬ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ, ಜಗುಲಿಯ ಮೇಲೆ ಕೂತರೆ ಇಡೀ ಬೀದಿ ದನಿ ತಗ್ಗಿಸಿ ನಡೆಯುತ್ತಿತ್ತು. ನಮ್ಮ ಮನೆಯಲ್ಲಿ ಸಿನಿಮಾ ನಿಷಿದ್ಧ. ರೇಡಿಯೋದಲ್ಲಿ ಪ್ರೇಮಗೀತೆ ಶುರುವಾದರೆ ಅಪ್ಪ ಎದ್ದು ಹೋಗಿ ಕಿವಿ ತಿರುಚಿ ಬರುತ್ತಿದ್ದರು, ರೇಡಿಯೋದ್ದು. ಕಾರಣ ಕೇಳುವಂತಿರಲಿಲ್ಲ. ನನಗೊಬ್ಬಳು ಅತ್ತೆ ಇದ್ದಳೆಂದೂ, ನಾನು ಮೂರು ವರ್ಷದವಳಾಗಿದ್ದಾಗ ಆಕೆ ಮನೆ ಬಿಟ್ಟು ಹೋಗಿ ಬಿನ್ನಿಪೇಟೆ ಕಡೆಯ ತರಕಾರಿ ಮಂಡಿಯವರ ಮನೆಯ ಹುಡುಗನನ್ನು ಮದುವೆಯಾದಳೆಂದೂ ದೊಡ್ಡಪ್ಪನ ಮಗಳು ಉಮಕ್ಕ ಒಮ್ಮೆ ಹೇಳಿದ್ದಳು. ಅತ್ತೆಯ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಉಮಕ್ಕನ ಪುಸ್ತಕದಲ್ಲಿ ಯಾರೋ ಬರೆದ ಒಂದು ಕಾಗದ ಸಿಕ್ಕಿದ್ದಕ್ಕೆ ಅವಳ ಕಾಲೇಜನ್ನು ಬಿಡಿಸಿ, ಆರು ತಿಂಗಳಲ್ಲಿ ಮದುವೆ ಮಾಡಿದ್ದರು. ಹುಡುಗ ಒಳ್ಳೆಯವನೇ ಸಿಕ್ಕಿದ. ಆದರೆ ಉಮಕ್ಕ ಡಿಗ್ರಿ ಓದಬೇಕೆಂದಿದ್ದಳು.

ಇಷ್ಟೆಲ್ಲ ಗೊತ್ತಿದ್ದೂ ನಾನು ಸಿನಿಮಾಕ್ಕೆ ಹೋದೆ. ಧೈರ್ಯದಿಂದಲ್ಲ, ದಡ್ಡತನದಿಂದ. ನನ್ನ ಗೆಳತಿ ವೀಣಾಳ ಕಸಿನ್ ಪ್ರಸನ್ನ ಎಂಬವನು ಮೂರು ವಾರದಿಂದ ನಮ್ಮ ಬಸ್ ಸ್ಟಾಪಿನಲ್ಲಿ ನಿಲ್ಲುತ್ತಿದ್ದ. ಅವನ ಮನೆ ಇದ್ದದ್ದು ಮಲ್ಲೇಶ್ವರದಲ್ಲಿ, ಕಾಲೇಜು ಇದ್ದದ್ದೂ ಅಲ್ಲೇ. ಬಸವನಗುಡಿಯ ಬಸ್ ಸ್ಟಾಪಿನಲ್ಲಿ ಅವನಿಗೆ ಕೆಲಸವಿರಲಿಲ್ಲ. ಆ ಕೆಲಸವೇ ನಾನು ಎಂದು ವೀಣಾ ಹೇಳಿದ್ದಳು. ನಾನು ಎರಡು ಬಾರಿ ಬೇಕೆಂದೇ ಪುಸ್ತಕ ಬೀಳಿಸಿ ನೋಡಿದೆ. ಅವನು ಆಯ್ದುಕೊಡಲಿಲ್ಲ, ದೂರದಿಂದ ಅಯ್ಯೋ ಎಂದ ಅಷ್ಟೇ.

"ಸೋಮವಾರ ಮ್ಯಾಟಿನಿಗೆ ಮೂರು ಟಿಕೆಟ್ ತಗೊಂಡಿದಾನೆ ಕಣೇ. ನಾನೂ ಇರ್ತೀನಲ್ಲ, ಏನ್ ಭಯ?" ಎಂದಳು ವೀಣಾ.

ಸೋಮವಾರ ಅಮ್ಮನೂ ಮನೆಯಲ್ಲಿರುತ್ತಿರಲಿಲ್ಲ. ಗವಿ ಗಂಗಾಧರೇಶ್ವರನ ಗುಡಿಯಲ್ಲಿ ಹೆಂಗಸರ ಭಜನೆ ಇದೆಯೆಂದು ಮಧ್ಯಾಹ್ನ ಊಟವಾದ ಕೂಡಲೇ ಹೊರಡುತ್ತಿದ್ದಳು, ಆರರ ಹೊತ್ತಿಗೆ ಬರುತ್ತಿದ್ದಳು. ಭಜನೆಯವರಿಗೆಂದು ಅಜ್ಜಿ ಪ್ರತಿ ಸೋಮವಾರ ಬೆಳಿಗ್ಗೆ ಓಂಕಾಳು ಹಾಕಿದ ಕೋಡುಬಳೆ ಕರಿದು ಸ್ಟೀಲ್ ಡಬ್ಬಿಗೆ ತುಂಬಿ ಕೊಡುತ್ತಿದ್ದರು. ಆ ಕೋಡುಬಳೆ ನಮಗೆ ಮುರಿದದ್ದು ಮಾತ್ರ ಸಿಗುತ್ತಿತ್ತು.

ಚಾಮರಾಜಪೇಟೆಯ ಕಡೆಗಿದ್ದ ಆ ಥಿಯೇಟರ್ ಈಗಿಲ್ಲ. ವಾರದ ಮೊದಲ ದಿನ, ಮಧ್ಯಾಹ್ನದ ಆಟ, ಅರ್ಧಕ್ಕರ್ಧ ಖಾಲಿ. ನಾನು ನೀಲಿ ಚೂಡಿದಾರ್ ಹಾಕಿದ್ದೆ. ಕೂತದ್ದು ಹೀಗೆ: ವೀಣಾ, ನಾನು, ಪ್ರಸನ್ನ. ಅವನು ತಲೆಗೆ ಹಾಕಿದ್ದ ಎಣ್ಣೆಯ ವಾಸನೆ ಬರುವಷ್ಟು ಹತ್ತಿರ. ಸಿನಿಮಾ ಶುರುವಾಗಿ ಕಾಲು ಗಂಟೆಯವರೆಗೆ ಅವನೂ ಮಾತಾಡಲಿಲ್ಲ, ನಾನೂ ಆಡಲಿಲ್ಲ. ಆಮೇಲೆ ಅವನು ಗಂಟಲು ಸರಿಮಾಡಿಕೊಂಡು, "ನಿಮ್ಗೆ ಫಿಸಿಕ್ಸಾ, ಮ್ಯಾಥ್ಸಾ, ಯಾವ್ದು ಇಷ್ಟ?" ಎಂದ.

ನಾನು ಉತ್ತರ ಕೊಡುವ ಮೊದಲೇ ತೆರೆಯ ಮೇಲೆ ನಾಯಕಿಯ ಅಪ್ಪ ಬಾಗಿಲು ತೆಗೆದ, ನಾಯಕ ಡ್ರಮ್ಮಿಗೆ ಹಾರಿದ, ಎರಡು ಸಾಲು ಮುಂದೆ ಒಬ್ಬ ಹೆಂಗಸು ಜೋರಾಗಿ ನಕ್ಕಳು. ತಲೆ ಹಿಂದಕ್ಕೆ ಹಾಕಿ, ಬಾಯಿಗೆ ಸೆರಗು ಹಿಡಿಯದೆ, ಹೊಟ್ಟೆಯಿಂದ ಬಂದ ನಗು. ಎಷ್ಟು ಚೆನ್ನಾಗಿ ನಗುತ್ತಾರಪ್ಪ ಎಂದುಕೊಂಡೆ. ತೆರೆಯ ಬೆಳಕು ಆಕೆಯ ತುರುಬಿನ ಮೇಲೆ ಬಿತ್ತು. ಕನಕಾಂಬರದ ದಂಡೆ. ದಂಡೆಗೆ ಹಸಿರು ಚಿಟ್ಟೆಯ ಕ್ಲಿಪ್ಪು.

ಆ ಕ್ಲಿಪ್ಪು ನನ್ನದು. ಬೆಳಿಗ್ಗೆ ಹೇರ್‌ಪಿನ್ ಸಿಗದೆ ನಾನೇ ಅದನ್ನು ಅಮ್ಮನಿಗೆ ಸಿಕ್ಕಿಸಿದ್ದೆ.

ಕಾಲು ತಣ್ಣಗಾಯಿತು ಎನ್ನುತ್ತಾರಲ್ಲ, ಅದು ಬರೀ ಮಾತಲ್ಲ, ನಿಜವಾಗಿ ತಣ್ಣಗಾಗುತ್ತದೆ. ನಾನು ವೀಣಾಳ ಕೈ ಹಿಡಿದು ಕಿವಿಯಲ್ಲಿ ಹೇಳಿದೆ: "ಮುಂದೆ ನಮ್ಮಮ್ಮ ಕೂತಿದಾರೆ."

"ಹುಚ್ಚಾ ನಿಂಗೆ? ನಿಮ್ಮಮ್ಮ ಎಲ್ಲಿ, ಸಿನಿಮಾ ಎಲ್ಲಿ!"

"ಕ್ಲಿಪ್ ನೋಡು."

ವೀಣಾ ನೋಡಿದಳು. ಅವಳ ಕೈಯೂ ತಣ್ಣಗಾಯಿತು. ಎದ್ದು ಹೋಗೋಣವೆಂದರೆ ಖಾಲಿ ಸಾಲುಗಳ ನಡುವೆ ಮೂವರು ಎದ್ದರೆ ಯಾರಾದರೂ ತಿರುಗಿ ನೋಡಿಯೇ ನೋಡುತ್ತಾರೆ. ಕೂತೇ ಇದ್ದರೆ ಇಂಟರ್ವೆಲ್ಲಿನಲ್ಲಿ ದೀಪ ಹತ್ತುತ್ತದೆ. ನಾನು ಪ್ರಸನ್ನನಿಗೂ ವಿಷಯ ತಿಳಿಸಿದೆ. ಅವನು ಸೀಟಿನಲ್ಲಿ ನಿಧಾನವಾಗಿ ಜಾರುತ್ತಾ ಜಾರುತ್ತಾ ಕೊನೆಗೆ ಮೊಣಕಾಲೂ ಕೂದಲೂ ಮಾತ್ರ ಕಾಣುವಂತಾದ. ಡ್ರಮ್ಮಿನೊಳಗೆ ಇವನನ್ನೇ ಹಾಕಬಹುದಿತ್ತು.

ಭಯ ಒಂದು ಸುತ್ತು ಇಳಿದ ಮೇಲೆ ಇನ್ನೊಂದು ಭಯ ಹತ್ತಿತು. ಅಮ್ಮ ಒಬ್ಬಳೇ ಇರಲಿಲ್ಲ. ಪಕ್ಕದಲ್ಲಿ ಇನ್ನೊಬ್ಬ ಹೆಂಗಸು, ಕನ್ನಡಕ ಹಾಕಿಕೊಂಡವಳು. ಇಬ್ಬರ ನಡುವೆ ಸ್ಟೀಲ್ ಡಬ್ಬಿ. ಆಕೆ ಒಂದೊಂದೇ ಕೋಡುಬಳೆ ತೆಗೆದು, ಮುರಿದು, ಬಹಳ ನಿಧಾನವಾಗಿ ತಿನ್ನುತ್ತಿದ್ದಳು. ಇಡೀ ಥಿಯೇಟರ್ ನಗುತ್ತಿದ್ದ ಒಂದು ಕಡೆ ಅಮ್ಮ ಸೆರಗಿನಿಂದ ಆಕೆಯ ಕೆನ್ನೆ ಒರೆಸಿದಳು. ಯಾರೀಕೆ? ಭಜನೆಯ ಸುಳ್ಳು ಯಾಕೆ? ಅಮ್ಮನಿಗೇನಾದರೂ ಕಾಯಿಲೆಯೇ, ಈಕೆ ಆಸ್ಪತ್ರೆಯವಳೇ? ಬಾಲ್ಯದಲ್ಲಿ ಕಳೆದುಹೋದ ತಂಗಿಯಿರಬಹುದೇ ಎಂದೂ ಯೋಚಿಸಿದೆ. ನೋಡದ ಸಿನಿಮಾಗಳಿಂದಲೇ ನನ್ನ ತಲೆ ಅಷ್ಟು ಕೆಟ್ಟಿತ್ತು.

ಇಂಟರ್ವೆಲ್ ಆಯಿತು. ದೀಪ ಹತ್ತಿದ ಕೂಡಲೇ ನಾನು ಬಗ್ಗಿ ಚಪ್ಪಲಿಯ ಪಟ್ಟಿ ಬಿಗಿಯತೊಡಗಿದೆ. ಹತ್ತು ನಿಮಿಷ ಅದನ್ನೇ ಬಿಗಿದೆ. ಪ್ರಸನ್ನ "ಪಾಪ್‌ಕಾರ್ನ್ ತರ್ತೀನಿ" ಎಂದು ಎದ್ದು ಹೋದ. ಆ ಪಾಪ್‌ಕಾರ್ನ್ ಇವತ್ತಿನವರೆಗೂ ಬಂದಿಲ್ಲ. ಆಮೇಲೆ ಅವನು ನಮ್ಮ ಬಸ್ ಸ್ಟಾಪಿಗೂ ಬರಲಿಲ್ಲ.

ಸಿನಿಮಾ ಮುಗಿಯುವ ಮೊದಲೇ ವೀಣಾ ಮತ್ತು ನಾನು ಗೋಡೆಗೆ ಅಂಟಿಕೊಂಡು ಹೊರಗೆ ಬಂದೆವು. ನಾನು ಬಸ್ಸಿಗೂ ಕಾಯದೆ ಓಡುನಡಿಗೆಯಲ್ಲಿ ಮನೆ ಸೇರಿದೆ. ಅರ್ಧ ಗಂಟೆಯ ನಂತರ ಅಮ್ಮ ಬಂದಳು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಖಾಲಿ ಡಬ್ಬಿ.

"ಭಜನೆ ಆಯ್ತೇನಮ್ಮ?" ಎಂದರು ಅಜ್ಜಿ.

"ಆಯ್ತು ಅತ್ತೆ, ಚೆನ್ನಾಗಾಯ್ತು."

"ಎಲ್ರೂ ಬಂದಿದ್ರಾ?"

"ಬರೋರು ಬಂದಿದ್ರು."

"ಆರೋಗ್ಯವಾಗಿದಾರಾ?"

"ಸ್ವಲ್ಪ ಕೆಮ್ಮು. ಕಷಾಯ ಕುಡೀರಿ ಅಂದೆ."

ಭಜನೆಯವರ ಕೆಮ್ಮಿನ ಮೇಲೆ ಅಜ್ಜಿಗೆ ಯಾಕಿಷ್ಟು ಕಾಳಜಿ ಎಂದು ನನಗೆ ಹೊಳೆಯಲಿಲ್ಲ. ನನ್ನ ತಲೆಯಲ್ಲಿದ್ದದ್ದು ಒಂದೇ ಪ್ರಶ್ನೆ: ಅಮ್ಮ ನನ್ನನ್ನು ನೋಡಿದಳೋ, ಇಲ್ಲವೋ?

ಮಂಗಳವಾರ ಅವಳು ಏನೂ ಅನ್ನಲಿಲ್ಲ. ಬುಧವಾರ ನಾನು ಬಟ್ಟೆ ಒಣಹಾಕುತ್ತಿದ್ದಾಗ ಹಿಂದೆ ಬಂದು ನಿಂತು, ತಂತಿಯ ಮೇಲಿನ ಬಟ್ಟೆಗೆ ಕ್ಲಿಪ್ಪು ಸಿಕ್ಕಿಸುತ್ತಾ ಹೇಳಿದಳು: "ಆ ನೀಲಿ ಚೂಡಿದಾರ್ ಹೊರಗಡೆ ಹಾಕ್ಕೊಂಡು ಹೋಗ್ಬೇಡ. ದೂರಕ್ಕೆ ಎದ್ದು ಕಾಣತ್ತೆ."

ಅಷ್ಟೇ. ಬಟ್ಟೆ ಒಣಹಾಕಿ ಒಳಗೆ ಹೋದಳು. ಅವಳು ಗದರಿಸಿದ್ದರೆ ನಾನೂ ಕೇಳಬಹುದಿತ್ತು, ನೀನೇನು ಮಾಡುತ್ತಿದ್ದೆ ಅಲ್ಲಿ ಎಂದು. ಅವಳು ಗದರಿಸಲಿಲ್ಲ, ನಾನೂ ಕೇಳಲಿಲ್ಲ. ಒಂದೇ ಅಡುಗೆಮನೆಯಲ್ಲಿ ಒಬ್ಬರ ಕಣ್ಣು ಒಬ್ಬರು ತಪ್ಪಿಸಿಕೊಂಡು ನಾಲ್ಕು ದಿನ ಹುರುಳಿಕಾಯಿ ಸೋಸಿದೆವು. ತಟ್ಟೆಯ ಸದ್ದಾದರೂ ಬೆಚ್ಚುತ್ತಿದ್ದೆ.

ಭಾನುವಾರ ಬೆಳಿಗ್ಗೆ ಅಪ್ಪ ಗಾಂಧಿ ಬಜಾರಿನಿಂದ ತರಕಾರಿ ತಂದರು. ಎಂದಿನಂತೆ ಚೀಲವನ್ನು ಅಡುಗೆಮನೆಗೆ ಕೊಡದೆ ನಡುಮನೆಯಲ್ಲೇ ಇಟ್ಟರು. ಚಪ್ಪಲಿಯನ್ನೂ ಬಿಟ್ಟಿರಲಿಲ್ಲ. ಅದನ್ನು ನೋಡಿದ ಕೂಡಲೇ ನನಗೆ ಗೊತ್ತಾಗಿಹೋಯಿತು.

"ಸೋಮವಾರ ಮಧ್ಯಾಹ್ನ ಎಲ್ಲಿದ್ದೆ?"

"ಕಾಲೇಜಲ್ಲಿ, ಅಪ್ಪ."

"ಇನ್ನೊಂದ್ಸಲ ಕೇಳ್ತೀನಿ."

ಅಪ್ಪನ ಆಫೀಸಿನವರೊಬ್ಬರು ಆ ದಿನ ನಮ್ಮ ಹಿಂದಿನ ಸಾಲುಗಳಲ್ಲೆಲ್ಲೋ ಕೂತಿದ್ದರಂತೆ. ಬಜಾರಿನಲ್ಲಿ ಸಿಕ್ಕಾಗ ಹೇಳಿದ್ದರು: ನಿಮ್ಮ ಮಗಳು, ಪಕ್ಕದಲ್ಲೊಬ್ಬ ಹುಡುಗ. ಸೋಮವಾರ ಮಧ್ಯಾಹ್ನ ಆಫೀಸು ಬಿಟ್ಟು ಆ ಮಹಾಶಯರು ಅಲ್ಲೇನು ಮಾಡುತ್ತಿದ್ದರೆಂದು ಯಾರೂ ಕೇಳಲಿಲ್ಲ.

ಅಪ್ಪ ಕೂಗಾಡುವವರಲ್ಲ. ಅವರ ಸಿಟ್ಟು ದನಿ ಇಳಿಸುತ್ತಿತ್ತು. "ನಾಳೆಯಿಂದ ಕಾಲೇಜು ಬೇಡ. ಓದಿದ್ದು ಸಾಕು" ಎಂದರು, ಪಕ್ಕದ ಮನೆಗೆ ಕೇಳಿಸದಷ್ಟು ಮೆಲ್ಲಗೆ.

ಅಡುಗೆಮನೆಯಿಂದ ಅಮ್ಮ ಕೈ ಒರೆಸಿಕೊಳ್ಳುತ್ತಾ ಬಂದಳು. "ಅವಳು ನನ್ನ ಜೊತೆ ಬಂದಿದ್ಲು" ಎಂದಳು.

"ಏನು?"

"ಸಿನಿಮಾಕ್ಕೆ. ನಾನೇ ಕರ್ಕೊಂಡು ಹೋಗಿದ್ದೆ."

"ಅವರು ಹುಡುಗ ಅಂದ್ರು, ಗಿರಿಜಾ. ಹುಡುಗ!"

"ಪಕ್ಕದ ಸೀಟಲ್ಲಿ ಯಾರಾದ್ರೂ ಕೂತೇ ಕೂರ್ತಾರೆ. ಇಡೀ ಥಿಯೇಟರ್ ನಾವೇ ತಗೊಂಡಿರ್ತೀವಾ?"

ಅಪ್ಪ ಅಮ್ಮನನ್ನು ಹೊಸಬಳನ್ನು ನೋಡುವಂತೆ ನೋಡಿದರು. ಹದಿನೆಂಟು ವರ್ಷದ ಸಂಸಾರದಲ್ಲಿ ಅಮ್ಮ ಅವರಿಗೆ ಎದುರು ಮಾತಾಡಿದ್ದನ್ನು ನಾನು ನೋಡಿರಲಿಲ್ಲ. "ನೀನು... ಸಿನಿಮಾಕ್ಕೆ? ಈ ಮನೆಯಿಂದ? ಏನು ನೋಡೋಕೆ ಹೋಗಿದ್ದೆ?"

ನನ್ನನ್ನು ಉಳಿಸುವುದಕ್ಕೆ ಅಮ್ಮನ ಹತ್ತಿರ ಸುಳ್ಳಿತ್ತು, ತನ್ನನ್ನು ಉಳಿಸಿಕೊಳ್ಳುವುದಕ್ಕೆ ಇರಲಿಲ್ಲ. ನಾನು ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ.

"ನಾನು ಕಳಿಸಿದ್ದು."

ದೇವರ ಕೋಣೆಯ ಬಾಗಿಲಲ್ಲಿ ಅಜ್ಜಿ ಗೋಡೆ ಹಿಡಿದು ನಿಂತಿದ್ದರು. ಪೂಜೆಯ ನಡುವೆ ಅವರು ಎದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನೀನಾ? ಯಾಕಮ್ಮ?"

"ಪಾರೂನ ನೋಡ್ಕೊಂಡು ಬಾ ಅಂತ."

ಹದಿನಾಲ್ಕು ವರ್ಷ ಯಾರೂ ಆಡದ ಅತ್ತೆಯ ಹೆಸರು ನಡುಮನೆಯಲ್ಲಿ ಬಿತ್ತು. ಅಪ್ಪ ಚೀಲದ ಕಡೆ ನೋಡಿದರು, ಗೋಡೆಯ ಕಡೆ ನೋಡಿದರು.

"ಎಷ್ಟು ದಿನದಿಂದ?" ಎಂದರು.

"ಎರಡು ವರ್ಷ ಆಯ್ತು. ಇವಳು ಹೋಗಿ ನೋಡ್ತಾಳೆ, ಬಂದು ನಂಗೆ ಹೇಳ್ತಾಳೆ. ಬೈಯೋದಿದ್ರೆ ನನ್ನ ಬೈಯಪ್ಪ. ಅವಳನ್ನ ಬೇಡ. ಮಗೂನೂ ಬೇಡ."

ಅಪ್ಪ ಬೈಯಲಿಲ್ಲ. ತಿರುಗಿ, ಬಿಡದೇ ಇದ್ದ ಚಪ್ಪಲಿಯಲ್ಲೇ ಹೊರಟುಹೋದರು. ಗೇಟು ಹಾಕಿದ ಸದ್ದು ಕೂಡ ಕೇಳಿಸಲಿಲ್ಲ, ತೆರೆದೇ ಬಿಟ್ಟಿದ್ದರು.

ಅವರು ಬರುವವರೆಗೆ ಅಮ್ಮ ನನಗೆ ಎಲ್ಲ ಹೇಳಿದಳು, ತರಕಾರಿ ವಿಂಗಡಿಸುತ್ತಾ. ಎರಡು ವರ್ಷದ ಹಿಂದೆ ಗಾಂಧಿ ಬಜಾರಿನಲ್ಲಿ ಪಾರತ್ತೆ ಎದುರಾದಳಂತೆ. ಇಬ್ಬರೂ ನಿಂತರಂತೆ. "ಅತ್ತಿಗೆ, ಯಾರಾದ್ರೂ ನೋಡ್ತಾರೆ, ಹೋಗಿ" ಎಂದಳಂತೆ ಅತ್ತೆ. ಹಾಗಾದರೆ ನಮ್ಮವರು ಯಾರೂ ನೋಡದ ಜಾಗ ಯಾವುದು ಎಂದು ಅಮ್ಮ ಯೋಚಿಸಿದಳು. ನಮ್ಮ ಮನೆಯವರು ಕಾಲಿಡದ ಜಾಗ ಊರಿನಲ್ಲಿ ಒಂದೇ ಇತ್ತು, ಅಪ್ಪನೇ ಅದನ್ನು ಅಷ್ಟು ಭದ್ರ ಮಾಡಿಟ್ಟಿದ್ದರು. ಸೋಮವಾರ ಮ್ಯಾಟಿನಿ. ಯಾವ ಸಿನಿಮಾ ಎಂದು ಅವರು ನೋಡುತ್ತಿರಲಿಲ್ಲ, ಆದರೆ ನಗು ಬರುವಂಥದ್ದಾದರೆ ಒಳ್ಳೆಯದು. ಜನ ನಗುವ ಸದ್ದಿನಲ್ಲಿ ಮಾತಾಡಬಹುದು. ಮನೆಗೆ ಬಂದು ಅಮ್ಮ ಅಜ್ಜಿಗೆ ಹೇಳಿದಾಗ ಅಜ್ಜಿ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಮುಂದಿನ ಸೋಮವಾರ ಬೆಳಿಗ್ಗೆ ಎದ್ದು ಕೋಡುಬಳೆಗೆ ಹಿಟ್ಟು ಕಲಸಿದರಂತೆ. ಪಾರತ್ತೆಗೆ ಅದೆಂದರೆ ಪ್ರಾಣ.

"ನನ್ನ ಬಿಡಿಸೋಕೆ ನೀನ್ಯಾಕಮ್ಮ ಸಿಕ್ಕಿಹಾಕ್ಕೊಂಡೆ?" ಎಂದೆ.

ಅಮ್ಮ ಕೊತ್ತಂಬರಿಯ ಬೇರು ಚಿವುಟುತ್ತಾ, "ನಿನಗಾದ್ರೆ ಕಾಲೇಜು ಬಿಡಿಸ್ತಾರೆ. ನನ್ನನ್ನ ಯಾವುದರಿಂದ ಬಿಡಿಸ್ತಾರೆ?" ಎಂದಳು. ನಕ್ಕಳು ಕೂಡ. ಥಿಯೇಟರಿನಲ್ಲಿ ಕೇಳಿದ ನಗು ಅದಾಗಿರಲಿಲ್ಲ. ಆ ಸೋಮವಾರಗಳಿಂದಲೇ ಬಿಡಿಸುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

ಅಪ್ಪ ಮಧ್ಯಾಹ್ನ ಬಂದರು. ಊಟ ಮಾಡಿದರು. ಮಜ್ಜಿಗೆ ಬೇಕಾ ಎಂದರೆ ಕೈ ಅಡ್ಡ ಹಿಡಿದರು.

ಸೋಮವಾರ ಬೆಳಿಗ್ಗೆ ನಾನು ಕಾಲೇಜಿಗೆ ಹೊರಡಲಿಲ್ಲ. ಹೊರಡು ಎಂದು ಯಾರೂ ಹೇಳಲಿಲ್ಲ. ಅಪ್ಪ ಯಾವತ್ತಿನಂತೆ ಕ್ಯಾರಿಯರ್ ಹಿಡಿದು ಆಫೀಸಿಗೆ ಹೋದರು. ಅವರು ತಿರುವು ದಾಟಿದ ಮೇಲೆ ಅಜ್ಜಿ ಎದ್ದು ಬಾಣಲೆ ಇಟ್ಟರು.

"ಅತ್ತೆ, ಇವತ್ತು ಹೋಗೋದು ಬೇಡ" ಎಂದಳು ಅಮ್ಮ.

"ನಾನು ಹೋಗು ಅಂದ್ನಾ? ಕರೀತಿದೀನಿ ಅಷ್ಟೇ."

ಕರಿದರು, ಆರಿಸಿದರು, ಡಬ್ಬಿಗೆ ತುಂಬಿ ಮುಚ್ಚಳ ಹಾಕಿದರು. ಡಬ್ಬಿ ಅಡುಗೆಮನೆಯ ಕಟ್ಟೆಯ ಮೇಲೆ ಕೂತಿತು. ನಾವು ಮೂವರೂ ಅದರ ಕಡೆ ನೋಡದೆ ಓಡಾಡಿದೆವು. ಗಂಟೆ ಒಂದಾಯಿತು, ಒಂದೂವರೆಯಾಯಿತು. ಅಲ್ಲಿ ಪಾರತ್ತೆ ಬಂದು ಕಾಯುತ್ತಾಳೆ. ಬರುವುದಿಲ್ಲವೆಂದು ತಿಳಿಸುವುದಕ್ಕೆ ದಾರಿಯೂ ಇಲ್ಲ. ಅಮ್ಮ ಗಡಿಯಾರ ನೋಡಿದಾಗಲೆಲ್ಲ ಒಂದು ಪಾತ್ರೆ ತೊಳೆಯುತ್ತಿದ್ದಳು. ತೊಳೆದದ್ದನ್ನೇ ತೊಳೆದಳು.

ಎರಡು ಗಂಟೆಗೆ ಗೇಟಿನ ಮುಂದೆ ಆಟೋ ನಿಂತಿತು. ಅಪ್ಪ. ಈ ಹೊತ್ತಿನಲ್ಲಿ ಅವರು ಮನೆಗೆ ಬಂದದ್ದೇ ಇಲ್ಲ. ಅಮ್ಮ ಡಬ್ಬಿಯ ಮುಂದೆ ನಿಂತುಕೊಂಡಳು, ಅದನ್ನು ಮರೆಮಾಡುವವಳಂತೆ.

ಅಪ್ಪ ಒಳಗೆ ಬಂದು ಅಜ್ಜಿಯ ಮುಂದೆ ನಿಂತರು. "ಅಮ್ಮ, ಸೀರೆ ಬದಲಾಯಿಸ್ಕೋ."

"ಎಲ್ಲಿಗಪ್ಪ?"

ಅಪ್ಪ ಅಂದರು: "ಅಲ್ಲಿ ಮೆಟ್ಟಿಲು ಜಾಸ್ತಿ ಇಲ್ಲ. ಕೇಳಿದೀನಿ."

ಅಜ್ಜಿ ಸೀರೆ ಉಡುವಾಗ ನೆರಿಗೆ ನಿಲ್ಲಲಿಲ್ಲ. ನಾನೇ ಹಿಡಿದುಕೊಟ್ಟೆ. ಹಿಂದಿನ ಸೀಟಿನಲ್ಲಿ ನಾವು ಮೂವರು, ಡ್ರೈವರ್ ಪಕ್ಕದಲ್ಲಿ ಅರ್ಧ ಸೀಟಿನ ಮೇಲೆ ಅಪ್ಪ. ರಾಮಕೃಷ್ಣಾಶ್ರಮದ ಹತ್ತಿರ ಆಟೋ ಕೆಟ್ಟು ನಿಂತು ಕಾಲು ಗಂಟೆ ತಿಂದಿತು. ಅಷ್ಟು ಹೊತ್ತೂ ಅಜ್ಜಿ ಡಬ್ಬಿಯನ್ನು ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡಿದ್ದರು.

ಥಿಯೇಟರ್ ಮುಟ್ಟಿದಾಗ ಆಟ ಶುರುವಾಗಿತ್ತು. ಅಪ್ಪ ಮೂರು ಟಿಕೆಟ್ ತಂದು ನನ್ನ ಕೈಗೆ ಕೊಟ್ಟು, ತಾವು ಗೇಟಿನ ಹತ್ತಿರ ಸೈಕಲ್ ಸ್ಟ್ಯಾಂಡಿನ ಪಕ್ಕ ನಿಂತರು.

"ನೀವೂ ಬನ್ನಿ" ಎಂದಳು ಅಮ್ಮ.

"ಇಲ್ಲ. ನಾನಿಲ್ಲೇ ಇರ್ತೀನಿ."

ಒಳಗೆ ಹೋಗುವಾಗ ಅಜ್ಜಿ ನನ್ನ ತೋಳು ಹಿಡಿದು ಹೇಳಿದರು: "ಅವತ್ತೂ ಅವನೇ ಟಿಕೆಟ್ ಕೊಡಿಸಿ, ಒಳಗೆ ಕಳಿಸಿ, ಹೀಗೇ ಗೇಟಲ್ಲಿ ನಿಂತಿದ್ದ. ತಂಗಿ ಸಿನಿಮಾ ನೋಡ್ಬೇಕು ಅಂದ್ಲು ಅಂತ. ಎಲ್ರೂ ಹೊರಗೆ ಬಂದ್ರು, ಇವಳು ಬರ್ಲಿಲ್ಲ. ಮುಂದಿನ ಆಟ ಬಿಡೋವರ್ಗೂ ನಿಂತಿದ್ನಂತೆ." ಅಪ್ಪ ಸಿನಿಮಾವನ್ನು ಯಾಕೆ ದ್ವೇಷಿಸುತ್ತಿದ್ದರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಒಳಗೆ ಕತ್ತಲು. ಟಾರ್ಚಿನವನು ದಾರಿ ತೋರಿಸಿದ. ಪಾರತ್ತೆ ಅದೇ ಸಾಲಿನಲ್ಲಿ ಒಬ್ಬಳೇ ಕೂತಿದ್ದಳು, ಪಕ್ಕದ ಸೀಟಿನ ಮೇಲೆ ಕೈಚೀಲ ಇಟ್ಟು ಜಾಗ ಹಿಡಿದು. ಅಮ್ಮ ಅಜ್ಜಿಯನ್ನು ಮುಂದೆ ಬಿಟ್ಟಳು. ಯಾರೋ ಬಂದದ್ದು ತಿಳಿದು ಅತ್ತೆ ತೆರೆಯಿಂದ ಕಣ್ಣು ತೆಗೆಯದೆಯೇ ಚೀಲ ಎತ್ತಿಕೊಂಡು, "ಯಾಕತ್ತಿಗೆ ಇಷ್ಟು ಲೇಟು? ನಂಗೆ ಜೀವವೇ ಹೋಗಿತ್ತು" ಎಂದು ಕೈ ಚಾಚಿದಳು. ಡಬ್ಬಿಗೆಂದು ಚಾಚಿದ ಕೈಗೆ ಅಜ್ಜಿಯ ಕೈ ಸಿಕ್ಕಿತು. ಅತ್ತೆ ಆ ಕೈಯನ್ನು ಬಿಡಲಿಲ್ಲ. ಬೆರಳು ಮುಟ್ಟಿದಳು, ಗಂಟು ಮುಟ್ಟಿದಳು.

"ಯಾರು?" ಎಂದಳು.

"ನಾನು ಕಣೇ."

ತೆರೆಯ ಮೇಲೆ ನಾಯಕ ಡ್ರಮ್ಮಿನೊಳಗೆ ಸೀನಿದ. ಥಿಯೇಟರ್ ಹೋ ಎಂದು ನಕ್ಕಿತು. ಆ ನಗುವಿನೊಳಗೆ ಪಾರತ್ತೆ ಅಜ್ಜಿಯ ಮಡಿಲಿಗೆ ತಲೆಯಿಟ್ಟು ಅತ್ತದ್ದು ಯಾರಿಗೂ ಕೇಳಿಸಲಿಲ್ಲ. ಅಜ್ಜಿ ಆಕೆಯ ತಲೆಯ ಮೇಲೆ ಕೈಯಾಡಿಸುತ್ತಾ, "ಕೂದಲೆಲ್ಲ ಎಲ್ಲೇ ಹೋಯ್ತು? ಎಣ್ಣೆ ಹಾಕೋದಿಲ್ವಾ?" ಎಂದು ಗದರಿಸುತ್ತಲೇ ಇದ್ದರು.

ಇಂಟರ್ವೆಲ್ಲಿನಲ್ಲಿ ದೀಪ ಹತ್ತಿತು. ಈ ಸಲ ನಾನು ಚಪ್ಪಲಿ ಬಿಗಿಯಲಿಲ್ಲ. ಮುಂದಿನ ಸಾಲಿನ ಒಬ್ಬರು ತಿರುಗಿ, ಕಣ್ಣು ಮೂಗು ಕೆಂಪಾದ ನಾಲ್ಕು ಹೆಂಗಸರನ್ನು ನೋಡಿ ಕಂಗಾಲಾದರು. "ಯಾಕ್ರಮ್ಮ? ಇದ್ರಲ್ಲಿ ಅಳೋ ಸೀನ್ ಯಾವ್ದಿತ್ತು?" ಎಂದರು.

"ಇನ್ನೂ ಮುಂದೆ ಇದೆ, ನೋಡಿ" ಎಂದಳು ಅಮ್ಮ.

ಆದರೆ ಹೊರಗೆ ಗೇಟಿನಲ್ಲಿ ಅಪ್ಪ ಇದ್ದಾರೆಂದು ಕೇಳಿದ ಮೇಲೆ ಪಾರತ್ತೆ ನಗಲಿಲ್ಲ, ಅಳಲೂ ಇಲ್ಲ. ಉಳಿದ ಸಿನಿಮಾ ಪೂರ್ತಿ ಕೈಚೀಲದ ಹಿಡಿ ತಿರುಚುತ್ತಾ ಕೂತಳು. ಹಿಂದಿನ ಬಾಗಿಲಿಂದ ಹೋಗಿಬಿಡುತ್ತೇನೆ ಎಂದು ಎರಡು ಸಲ ಎದ್ದಳು. ಎರಡು ಸಲವೂ ಅಜ್ಜಿ ಸೆರಗು ಹಿಡಿದು ಕೂರಿಸಿದರು.

ಸಿನಿಮಾ ಬಿಟ್ಟಿತು. ಜನರ ಜೊತೆ ನಾವೂ ಹೊರಗೆ ಬಂದೆವು. ಅಪ್ಪ ಸೈಕಲ್ ಸ್ಟ್ಯಾಂಡಿನ ಕಂಬಕ್ಕೂ ಒರಗದೆ ನೆಟ್ಟಗೆ ನಿಂತಿದ್ದರು, ಬರುವ ಒಂದೊಂದು ಮುಖವನ್ನೂ ನೋಡುತ್ತಾ. ಅತ್ತೆ ಅವರಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಳು. ಜನ ಇಬ್ಬರ ನಡುವೆ ಹಾದುಹೋಗುತ್ತಲೇ ಇದ್ದರು.

"ಊಟ ಆಯ್ತಾ?" ಎಂದರು ಅಪ್ಪ ಕೊನೆಗೆ.

ಆಗ ಸಂಜೆ ಐದೂಕಾಲು. ಯಾವ ಊಟದ ಹೊತ್ತೂ ಅಲ್ಲ.

"ಆಯ್ತಣ್ಣ" ಎಂದಳು ಅತ್ತೆ. ಆಮೇಲೆ ಮುಖ ಮೇಲೆತ್ತಿ, "ಇಲ್ಲ. ಆಗಿಲ್ಲ" ಎಂದಳು.

"ಹಾಗಾದ್ರೆ ಮನೆಗೆ ನಡಿ."

ಆಟೋದವನು ಐದು ಜನರನ್ನು ಹತ್ತಿಸಲು ಒಪ್ಪಲಿಲ್ಲ. ಮೂವರು ಹೆಂಗಸರನ್ನು ಕೂರಿಸಿ ಕಳಿಸಿ, ಅಪ್ಪನೂ ನಾನೂ ನಡೆದುಕೊಂಡು ಹೊರಟೆವು. ಅಮ್ಮ ಹೇಳಿದ ಸುಳ್ಳನ್ನು ಅಪ್ಪ ನಂಬಿಲ್ಲವೆಂದು ನನಗೆ ಗೊತ್ತಿತ್ತು.

"ಆ ಹುಡುಗ ಯಾರು?" ಎಂದರು, ರಸ್ತೆ ನೋಡುತ್ತಲೇ.

"ವೀಣಾ ಕಸಿನ್. ಪ್ರಸನ್ನ ಅಂತ" ಎಂದೆ. "ಅಮ್ಮ ನನ್ನ ಕರ್ಕೊಂಡು ಹೋಗಿರ್ಲಿಲ್ಲ, ಅಪ್ಪ. ನಾನೇ ಹೋಗಿದ್ದೆ."

"ಏನಂದ?"

"ಫಿಸಿಕ್ಸ್ ಇಷ್ಟಾನಾ, ಮ್ಯಾಥ್ಸ್ ಇಷ್ಟಾನಾ ಅಂತ ಕೇಳ್ದ."

"ಆಮೇಲೆ?"

"ಅಷ್ಟೇ. ಇಂಟರ್ವೆಲ್ಲಲ್ಲಿ ಓಡಿಹೋದ."

ರಸ್ತೆ ದಾಟುವಾಗ ಅಪ್ಪ ನನ್ನ ಮಣಿಕಟ್ಟು ಹಿಡಿದುಕೊಂಡರು, ದಾಟಿದ ಮೇಲೂ ಬಿಡಲಿಲ್ಲ.

"ನಾಳೆಯಿಂದ ಕಾಲೇಜಿಗೆ ಹೋಗು" ಎಂದರು. "ಏನಿದ್ರೂ ನಂಗೆ ಹೇಳು. ನಾನು ಬೈತೀನಿ, ಕೂಗಾಡ್ತೀನಿ, ಅದು ಬೇರೆ. ಹೇಳ್ದೆ ಮಾತ್ರ ಹೋಗ್ಬೇಡ."

ಹೂಂ ಎಂದೆ. ಅವರ ಹಿಡಿತ ಇನ್ನೂ ಸಡಿಲವಾಗಿರಲಿಲ್ಲ.

"ಬೇಗ ನಡಿ" ಎಂದರು ಅಪ್ಪ. "ಅನ್ನಕ್ಕಿಟ್ಟಿರ್ತಾರೆ."